ಬಿಗಿಯಾಗಿ ಕೂಡಿಸಿದ ತೋಳು

1938ರಲ್ಲಿ ನಾನು ಕೊಪ್ಪಳದ ಒಂದು ಮೋಟಾರು ರಿಪೇರಿ ಕಾರ್ಖಾನೆಯಲ್ಲಿ ಹೆಡ್ ಫಿಟ್ಟರ್ ಆಗಿದ್ದೆ. ರೈಲ್ವೆ ವರ್ಕ್‌ಶಾಪಿನಲ್ಲಿ ಆರು ವರ್ಷ ಕೆಲಸ ಕಲಿತು ಬಂದವನೆಂಬ ಜಂಬ ಸ್ವಲ್ಪ ಹೆಚ್ಚೇ ಇತ್ತು. ಅಲ್ಲಿ ನಮ್ಮ ತಲೆಗೆ ತುಂಬಿದ್ದು ಒಂದೇ: ಕೂಡಿಸಿದ್ದು ಅಲುಗಾಡಬಾರದು.

ಆ ವರ್ಷ ಯಲಬುರ್ಗಾ ಕಡೆಯ ದೇಸಾಯರೊಬ್ಬರು ತಮ್ಮ ಕಾರಿಗೆ ಎಂಟು ಸಿಲಿಂಡರಿನ ದೊಡ್ಡ ಎಂಜಿನ್ ಹಾಕಿಸಿದರು. ಗಂಗಾವತಿಯ ಭಾವಮೈದುನನ ಜೊತೆ ಕೊಪ್ಪಳದಿಂದ ಕುಷ್ಟಗಿವರೆಗೆ ಓಟದ ಪಂದ್ಯ ಕಟ್ಟಿದ್ದರು. ಎಂಜಿನ್ನೇನೋ ಬಲವಾಯಿತು, ಕಾರಿನ ಹಿಂಭಾಗ ತಡೆಯಲಿಲ್ಲ. ಅಂಥ ಕಾರಿನಲ್ಲಿ ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್ಲಿನ ತುದಿಗಳಲ್ಲಿರುತ್ತವೆ. ಆ ಆಕ್ಸಲ್ಲನ್ನು ಹಿಡಿದಿಡುವುದು ಸ್ಪ್ರಿಂಗಿನಂತೆ ಬಾಗುವ ಕಮಾನ್ ಪಟ್ಟಿಗಳು ಮಾತ್ರ. ಎಕ್ಸಲರೇಟರ್ ಜೋರಾಗಿ ತುಳಿದರೆ ಪಟ್ಟಿಗಳು ತಿರುಚಿಕೊಂಡು ಚಕ್ರಗಳು ನೆಲದ ಮೇಲೆ ಕುಪ್ಪಳಿಸುತ್ತಿದ್ದವು. ನಾನು ನಕ್ಷೆ ಬರೆದೆ. ಕಾರಿನ ತಳದ ಚೌಕಟ್ಟಾದ ಚಾಸಿಯಿಂದ ಆಕ್ಸಲ್ಲಿಗೆ ಎರಡೂ ಬದಿ ಇಪ್ಪತ್ತೆಂಟು ಇಂಚಿನ ಕಬ್ಬಿಣದ ತೋಳು, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಒಂದು ಅಡ್ಡ ಸರಳು.

ತೋಳುಗಳನ್ನು ಬಡಿದುಕೊಟ್ಟವನು ತಳಕಲ್ಲಿನ ಕಮ್ಮಾರ ಮೌನಪ್ಪಜ್ಜ. ಎತ್ತಿನ ಗಾಡಿಗೆ ಅಚ್ಚು ಮಾಡಿ ಮಾಡಿ ಕೈ ಪಳಗಿದ ಮನುಷ್ಯ. ನಾನು ತೋಳು, ಸರಳುಗಳ ಪ್ರತಿ ತುದಿಯ ತೂತಿಗೂ ಹಿತ್ತಾಳೆಯ ಬಳೆ, ಅಂದರೆ ಬುಷ್, ಕೂಡಿಸಿ, ಎರಡೆರಡು ನಟ್ಟು ಹಾಕಿ ಬಿಗಿದೆ. ಅಜ್ಜ ಹಿಡಿದು ಅಲುಗಿಸಿ ನೋಡಿದ.

"ಇದಕ್ಕ ಒಂಚೂರೂ ಆಟ ಇಲ್ಲಲ್ರೀ. ಒಂದು ಗಾಲಿ ಎದ್ದರ ಅಚ್ಚು ಓರಿ ಆಗಬೇಕು. ಎಲ್ಲಿ ಆಗತೈತಿ?"

"ಇದು ಎತ್ತಿನ ಬಂಡಿ ಅಲ್ಲಜ್ಜ," ಎಂದು ನಕ್ಕೆ.

ದೇಸಾಯರ ಡ್ರೈವರ್ ಕಾಸೀಮ ನನ್ನ ಜೀವದ ಗೆಳೆಯ. ಮಧ್ಯಾಹ್ನ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆವು. ಅವನು ಕಾರ್ಖಾನೆಯ ಅಂಗಳದಲ್ಲಿ ಕಾರನ್ನು ಒಂದು ಸುತ್ತು ಹಾಕಿಸಿ ಇಳಿದ.

"ಸಂಗಪ್ಪ, ಹಿಂದ ಏನೋ ಹಿಡಕೊಂಡೈತಿ. ಒಂದು ಗಾಲಿ ತಗ್ಗಿಗೆ ಇಳಿದ್ರ ಇಡೀ ಗಾಡಿ ಜಗ್ಗತೈತಿ."

"ಅಂಜಿಕಿ ಆದ್ರ ಬಿಡೋ ಮಾರಾಯ. ದೇಸಾಯರಿಗೆ ಡ್ರೈವರ್ ಬರ ಏನಿಲ್ಲ."

ನಾಲ್ಕು ಜನರೆದುರು ಹಾಗಂದೆ. ಕಾಸೀಮನ ಮುಖ ಸಣ್ಣದಾಯಿತು. ಇನ್ನು ಅವನು ಒಲ್ಲೆ ಎನ್ನುವಂತಿರಲಿಲ್ಲ. "ಆತು, ನಾನ ಓಡಸ್ತೀನಿ," ಎಂದು ಮತ್ತೆ ಸೀಟಿಗೆ ಹತ್ತಿದ. ಆಗ ಮೌನಪ್ಪಜ್ಜ ನನ್ನ ಕಡೆ ತಿರುಗಿದ.

"ನಮ್ಮ ಮನಿತನದಾಗ ಹೊಸ ಗಾಡಿ ಮಾಡಿದ್ರ ಮೊದಲ ಸಲ ಮಾಡಿದಾವನ ಅಚ್ಚಿನ ಮ್ಯಾಲೆ ಕುಂದರತಾನ್ರೀ. ನೀವೂ ಹಿಂದ ಕುಂದರ್ರಿ."

ಎಲ್ಲರೂ ನನ್ನನ್ನೇ ನೋಡಿದರು. ಮಾನದ ಪ್ರಶ್ನೆ, ಹತ್ತಿ ಕೂತೆ.

ಪಂದ್ಯಕ್ಕೆ ಮೊದಲು ಪರೀಕ್ಷೆಗೆಂದು ಹೊರಟ ಕುಷ್ಟಗಿ ರಸ್ತೆಯಲ್ಲಿ ಮೊದಲ ನಾಲ್ಕು ಮೈಲಿ ಚಕ್ರ ಒಮ್ಮೆಯೂ ಕುಪ್ಪಳಿಸಲಿಲ್ಲ. ನಾನು ಹಿಂದೆ ಕೂತು ಮೀಸೆ ತಿರುವುತ್ತಿದ್ದೆ. ವೇಗ ಗಂಟೆಗೆ ಐವತ್ತು ಮೈಲಿ ಇದ್ದಾಗ ಒಂದು ಸಣ್ಣ ಸೇತುವೆಯ ಉಬ್ಬಿಗೆ ಎಡ ಚಕ್ರ ಮಾತ್ರ ಎದ್ದಿತು. ನನ್ನ ಕಾಲ ಕೆಳಗೇ ಫಟಾರೆಂದಿತು. ಓರೆಯಾಗಲು ಜಾಗ ಸಿಗದ ಆಕ್ಸಲ್, ಎಡ ತೋಳನ್ನು ಚಾಸಿಗೆ ಹಿಡಿದಿದ್ದ ಬ್ರಾಕೆಟ್ಟನ್ನು ರಿವೆಟ್ಟುಗಳ ಸಮೇತ ಕಿತ್ತುಹಾಕಿತ್ತು. ಕಾರಿನ ಹಿಂಭಾಗ ಬಲಕ್ಕೆ ಬೀಸಿತು. ಎದುರಿಗೆ ಬೇವಿನ ಮರ. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಕಾಸೀಮ ಬ್ರೇಕ್ ಮುಟ್ಟಲಿಲ್ಲ. ಹಿಂಭಾಗ ಜಾರಿದ ಕಡೆಗೇ ಸ್ಟೇರಿಂಗ್ ತಿರುಗಿಸಿ, ಮರ ತಪ್ಪಿಸಿ, ಹತ್ತಿ ಹೊಲಕ್ಕೆ ಇಳಿಸಿ ನಿಲ್ಲಿಸಿದ.

ಇಳಿದವನೇ ಹಿಂದಿನ ಬಾಗಿಲು ತೆಗೆದು ನನ್ನ ಭುಜ ಹಿಡಿದ. "ನಿನಗೇನೂ ಆಗಿಲ್ಲಲ್ಲೋ?"

ನಾಲ್ಕು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ನನಗೆ ಅಳುವೇ ಬಂತು. ತಪ್ಪಾಯಿತು ಎಂದು ಅಲ್ಲೇ, ಹೊಲದಲ್ಲೇ ಹೇಳಿದೆ.

ಮರುದಿನದಿಂದ ಮೂವರೂ ಕೂಡಿ ಕೆಲಸಕ್ಕೆ ಕೂತೆವು. ಅಜ್ಜ ಗಾಡಿಯ ಪದ್ಧತಿಯಂತೆ ಎಲ್ಲ ಕೀಲಿಗೂ ಸಡಿಲ ಕೊಡಿಸಿದ. ಅಡ್ಡ ಸರಳೂ ಸಡಿಲವಾಗಿ, ತಿರುವಿನಲ್ಲಿ ಕಾರಿನ ಹಿಂಭಾಗ ಅತ್ತಿತ್ತ ತೂರಾಡಿತು. ನಾನು ಎಲ್ಲವನ್ನೂ ಬಿಗಿದು ಕೆಟ್ಟೆ, ಅಜ್ಜ ಎಲ್ಲವನ್ನೂ ಸಡಿಲಿಸಿ ಕೆಟ್ಟ. ಕಾಸೀಮ ಓಡಿಸಿ ಬಂದು ಒಂದೊಂದೇ ಹೇಳಿದ, ನಾನು ಬರೆದುಕೊಂಡೆ. ಕೊನೆಗೆ ತೋಳುಗಳ ತುದಿಗೆ ಹಳೆಯ ಲಾರಿ ಟೈರಿನಿಂದ ಕತ್ತರಿಸಿದ ಅರ್ಧ ಇಂಚು ದಪ್ಪದ ರಬ್ಬರ್ ಬುಷ್ ಹಾಕಿದೆವು. ಆಕ್ಸಲ್ ಹಿಂದೆ ಮುಂದೆ ಸರಿಯದು, ಆದರೆ ಓರೆಯಾಗಲು ಜಾಗವಿದೆ. ಅಡ್ಡ ಸರಳಿಗೆ ಮಾತ್ರ ಹಿತ್ತಾಳೆಯನ್ನೇ ಇಟ್ಟು ಬಿಗಿದೆವು.

ಪಂದ್ಯದಲ್ಲಿ ಸೋತೆವು ಬಿಡಿ. ಕುಷ್ಟಗಿ ಇನ್ನೂ ಮೂರು ಮೈಲಿ ಇರುವಾಗ ಟೈರು ಪಂಕ್ಚರಾಯಿತು. ದೇಸಾಯರು ಎರಡು ದಿನ ನನ್ನ ಮುಖ ನೋಡಲಿಲ್ಲ. ನಾನು ಮಾತ್ರ ಕಾಸೀಮ ಕಾರಿನಿಂದ ನಗುತ್ತಾ ಇಳಿದದ್ದನ್ನು ನೋಡಿ, ಹೊಟ್ಟೆ ತುಂಬ ರೊಟ್ಟಿ ಉಂಡು ಮಲಗಿದೆ.

ಮುಂದೆ ಮೂವತ್ತು ವರ್ಷ ಇದೇ ಕೆಲಸ ಮಾಡಿದೆ. ಡ್ರೈವರ್ ಬಂದು "ಏನೋ ಆಗ್ತೈತ್ರೀ" ಎಂದರೆ ಸ್ಪ್ಯಾನರ್ ಕೆಳಗಿಟ್ಟು ಪೂರ್ತಿ ಕೇಳುತ್ತಿದ್ದೆ. ಆ ದಿನ ಕಾಸೀಮ ಬಾಯಿಬಿಟ್ಟು ಹೇಳಿದರೂ ನಾನು ಕೇಳಿರಲಿಲ್ಲ. ಯಾರನ್ನು ಅಂಜುಬುರುಕನೆಂದು ಹಂಗಿಸಿದ್ದೆನೋ, ಅವನ ಕೈಯಿಂದಲೇ ನಾನು ಬದುಕಿದೆ.