ದೀಪ ಹಚ್ಚುವ ಹೊತ್ತು

ಗಂಗಮ್ಮನವರಿಗೆ ಏನಾದರೂ ಹೇಳುವ ಮೊದಲು ಸೊಂಟದಲ್ಲಿದ್ದ ಕೀಲಿಕೈ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುವ ರೂಢಿ. ದೇವದುರ್ಗದ ಮಗಳ ಮನೆಗೆ ಹೊರಟಿದ್ದ ಅವರು ರಾಯಚೂರಿನ ತಮ್ಮ ಮನೆಯನ್ನು ಬಾಡಿಗೆಗೆ ಕೊಡುವವರಿದ್ದರು.

ಕೇಳಲು ಹೋದವರು ಜಪಾನಿನ ಸಾಹೇಬರು ಮತ್ತು ನಾನು. ಮಾನ್ವಿಯ ಅಕ್ಕಿ ಗಿರಣಿಗಳಿಗೆ ಯಂತ್ರ ಮಾರಲು ಅವರ ಕಂಪನಿ ಇಲ್ಲೊಂದು ಆಫೀಸು ತೆರೆಯಬೇಕಿತ್ತು. ನಮ್ಮೂರೇ ಅವರಿಗೆ ಪರದೇಶ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳೆಂದು ನನ್ನನ್ನು ಟೈಪಿಂಗಿಗೂ ಮಾತು ತಿಳಿಸುವುದಕ್ಕೂ ತೆಗೆದುಕೊಂಡಿದ್ದರು. ಹೊಸಬರೆದುರು ನನ್ನ ಬಾಯಿ ಕಟ್ಟುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಸಾಹೇಬರು ಬೂಟು ಹೊರಗೆ ಬಿಟ್ಟು ಬಂದದ್ದು ಗಂಗಮ್ಮನವರಿಗೆ ಹಿಡಿಸಿತು. ಆಫೀಸು ಎಂದೊಡನೆ ಮಾತ್ರ ಕೈ ಗೊಂಚಲಿಗೆ ಹೋಯಿತು.

“ಆಫೀಸಂದ್ರ ಸಂಜಿಕ ಕೀಲಿ ಹಾಕ್ಕೊಂಡು ಹೋಗ್ತೀರಿ. ನನ್ನ ಮನ್ಯಾಗ ದೀಪ ಹಚ್ಚೋರು ಯಾರವ್ವಾ?”

ಸಾಹೇಬರು ಗಂಭೀರವಾಗಿ ಯೋಚಿಸಿ, ರಾತ್ರಿಯಿಡೀ ಬಲ್ಬು ಉರಿಸುತ್ತೇವೆ ಎಂದರು. ನಾನು ತಿಳಿಸಿದೆ.

“ಬಲ್ಬು ಓಣ್ಯಾಗಿನ ಕಂಬಕ್ಕೂ ಅದ. ದೇವರ ಮುಂದ ಹೆಣ್ಮಗಳು ಹಚ್ಚಬೇಕು. ಇಲ್ಲಂದ್ರ ಮನಿ ಇಲ್ಲ, ಹೇಳು ನಿಮ್ಮ ಸಾಹೇಬಗ.”

ಊರೆಲ್ಲ ತಿರುಗಿ ಉಳಿದದ್ದು ಇದೊಂದೇ ಮನೆ. ಇದೂ ತಪ್ಪಿದರೆ ಕಂಪನಿ ಬಳ್ಳಾರಿಗೆ ಹೋಗುತ್ತಿತ್ತು, ಜೊತೆಗೆ ನನ್ನ ನೌಕರಿಯೂ. ಆ ಮಾತನ್ನೂ ತಿಳಿಸಿದೆ; ಸಾಹೇಬರು ನನ್ನ ಕಡೆ ನೋಡಿದರು. ಆಫೀಸಿಗೆಲ್ಲ ಹೆಣ್ಣುಮಗಳು ನಾನೊಬ್ಬಳೇ. ಅಪ್ಪ ಈ ನೌಕರಿಗೆ ಒಪ್ಪಿದ್ದು ಮಾತ್ರ ಒಂದೇ ಷರತ್ತಿನ ಮೇಲೆ: ದೀಪ ಹಚ್ಚುವ ಹೊತ್ತಿಗೆ ನಾನು ನಮ್ಮ ಮನೆಯಲ್ಲಿರಬೇಕು.



ಗಂಗಮ್ಮನವರು ಗೊಂಚಲಿನಿಂದ ಒಂದು ಕೀಲಿಕೈ ಬಿಡಿಸಿ ನನ್ನ ಮುಂದೆ ಹಿಡಿದರು.

“ನೀನss ಹಚ್ಚಿಬಿಡು ಯವ್ವಾ, ದಿನಾ ಸಂಜಿಕ. ಹೂಂ ಅನ್ನು.”