ಸುಜಾತಳ ಮನೆಗೆ ಮೂವತ್ತೆರಡು ವರ್ಷ ತಡವಾಗಿ

ಮಣಿಪಾಲದಲ್ಲಿ ನಮ್ಮ ಮೂರು ದಿನದ ತರಬೇತಿ ಶನಿವಾರ ಸಂಜೆ ಮುಗಿಯಿತು. ನಾನು ಗದಗದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಜೊತೆಗೆ ಬಂದವರೆಲ್ಲ ಭಾನುವಾರ ಮಲ್ಪೆಯ ಕಡಲು ನೋಡಲು ಹೊರಟರು. ನಾನು ಒಬ್ಬಳೇ ಒಂಬತ್ತು ಗಂಟೆಗೆ ಉಡುಪಿಯ ಬಸ್ಸು ಹತ್ತಿದೆ. ಡಿಸೆಂಬರ್ ಆದರೂ ಆಗಲೇ ಬೆವರು. ನಮ್ಮ ಕಡೆ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ್ದು ಅಭ್ಯಾಸವಾಗಿ, ಇಲ್ಲಿಯ ಖಾಸಗಿ ಬಸ್ಸಿನ ಕಂಡಕ್ಟರ್ ಕೈಚಾಚಿದಾಗ ಒಂದು ಗಳಿಗೆ ಸುಮ್ಮನೆ ಅವನ ಮುಖ ನೋಡಿದೆ.

ಉಡುಪಿಯಲ್ಲಿ ಇಳಿದು ಕಾಪುವಿನ ಬಸ್ಸು ಹಿಡಿದೆ. ಹೆದ್ದಾರಿಯಲ್ಲಿ ಹದಿಮೂರು ಕಿಲೋಮೀಟರ್, ಅರ್ಧ ಗಂಟೆಯ ದಾರಿ. ಇನ್ನೂ ದೂರವಿದ್ದರೆ ಚೆನ್ನಾಗಿತ್ತು ಅನ್ನಿಸಿತು, ಏಕೆಂದರೆ ಹೇಳಬೇಕಾದ ಮಾತು ಬಾಯಲ್ಲಿ ಸಿದ್ಧವಾಗಿರಲಿಲ್ಲ.

ನನ್ನ ತಂದೆ ಕಾರ್ಕಳದ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ನಾನು ಅಲ್ಲಿ ಹೈಸ್ಕೂಲು ಓದಿದೆ. ಕಾಪುವಿನ ಮೀನುಗಾರರ ಮನೆಯ ಸುಜಾತ ಕಾರ್ಕಳದ ಸೋದರಮಾವನ ಮನೆಯಲ್ಲಿದ್ದು ಅದೇ ಶಾಲೆಗೆ ಬರುತ್ತಿದ್ದಳು. ಮೂರು ವರ್ಷ ಒಂದೇ ಬೆಂಚು. ನನಗೆ ತುಳು ಕಲಿಸಿದವಳು ಅವಳೇ. ಹತ್ತನೇ ತರಗತಿಯ ಫಲಿತಾಂಶದಲ್ಲಿ ನಾನು ಮೊದಲ ದರ್ಜೆಯಲ್ಲಿ ಪಾಸಾದೆ, ಅವಳು ಗಣಿತದಲ್ಲಿ ಫೇಲಾದಳು. ಅವತ್ತು ಸಂಜೆ ಅವಳು ನಮ್ಮ ಮನೆಗೆ ಬಂದಳು. ಏನು ಹೇಳಬೇಕೆಂದು ತೋಚದೆ ನಾನು ಅಡುಗೆಮನೆಯಲ್ಲಿ ನಿಂತು, ಮನೆಯಲ್ಲಿಲ್ಲ ಎಂದು ಅಮ್ಮನಿಂದ ಹೇಳಿಸಿದೆ. ಮರುತಿಂಗಳು ತಂದೆಗೆ ವರ್ಗವಾಯಿತು. ನಾಳೆ ಬರೆದರಾಯಿತು ಎಂದುಕೊಂಡ ಕಾಗದವನ್ನು ಎಂದೂ ಬರೆಯಲಿಲ್ಲ. ಎರಡು ತಿಂಗಳ ಹಿಂದೆ ಯಾರೋ ಸಹಪಾಠಿಗಳ ವಾಟ್ಸಾಪ್ ಗುಂಪು ಮಾಡಿ ನನ್ನನ್ನು ಸೇರಿಸಿದರು. ಅಲ್ಲಿ ಅವಳ ನಂಬರ್ ಸಿಕ್ಕಿತು. ಶುಕ್ರವಾರ ಫೋನ್ ಮಾಡಿದಾಗ ಅವಳು ಹೆಚ್ಚು ಮಾತಾಡಲಿಲ್ಲ. ಮಾರ್ಕೆಟಿನಲ್ಲಿ ಮೀನು ಮಾರುತ್ತೇನೆ, ಭಾನುವಾರ ಬೇಗ ಖಾಲಿಯಾಗುತ್ತದೆ, ಹತ್ತರ ಮೇಲೆ ಬನ್ನಿ ಅಂದಳು. ಆ 'ಬನ್ನಿ' ನನ್ನನ್ನು ಎರಡು ದಿನ ಚುಚ್ಚಿತು.

ಕಾಪುವಿನ ಪೇಟೆಯಿಂದ ಕಡಲಿನ ಕಡೆ ರಿಕ್ಷಾದಲ್ಲಿ ಹೋದೆ. ಹಂಚಿನ ಮನೆ, ಅಂಗಳದಲ್ಲಿ ಒಣಹಾಕಿದ ಬಲೆ. ಸುಜಾತ ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದಳು. ದಪ್ಪಗಾಗಿದ್ದಾಳೆ, ಮುಂದಲೆ ಬೆಳ್ಳಗಾಗಿದೆ, ಆದರೆ ಕತ್ತು ಓರೆ ಮಾಡಿ ನೋಡುವ ರೀತಿ ಹಾಗೆಯೇ ಇದೆ. ಒಳಗೆ ಕೂರಿಸಿ ನೀರುದೋಸೆ, ಬೆಲ್ಲ ಹಾಕಿದ ಕಾಯಿತುರಿ ಕೊಟ್ಟಳು. ನಾನು ಮೀನು ತಿನ್ನುವುದಿಲ್ಲ ಎಂಬುದು ಅವಳಿಗೆ ನೆನಪಿತ್ತು. ಗಂಡ ದೋಣಿಯಲ್ಲಿ ಹೋಗಿ ನಾಲ್ಕು ದಿನವಾಯಿತು, ಮಗಳು ಅಲೆವೂರಿಗೆ ಮದುವೆಯಾಗಿ ಹೋಗಿದ್ದಾಳೆ ಎಂದು ಹೇಳಿದಳು. ನಾನೂ ನನ್ನ ಮನೆಯ ಸುದ್ದಿ ಹೇಳಿದೆ. ಮಾತು ಎಲ್ಲ 'ನೀವು, ತಾವು' ಎಂದು ನೆಂಟರ ಮನೆಯ ಹಾಗೆ ಸಾಗಿತು.

ಎರಡನೇ ದೋಸೆ ಮುಗಿಯುವಾಗ ನಾನು ತಡೆಯಲಾರದೆ ಹೇಳಿಬಿಟ್ಟೆ. "ರಿಸಲ್ಟ್ ಬಂದ ದಿನ ನಾನು ಮನೆಯಲ್ಲೇ ಇದ್ದೆ, ಸುಜಾತ."

ಅವಳು ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. "ಗೊತ್ತುಂಟು. ನಿನ್ನ ನೀಲಿ ಪಟ್ಟಿಯ ಚಪ್ಪಲಿ ಮೆಟ್ಟಿಲಲ್ಲೇ ಇತ್ತಲ್ಲ."

'ನಿನ್ನ' ಅಂದದ್ದು ಇಬ್ಬರಿಗೂ ಗೊತ್ತಾಯಿತು. ಅವಳೆದುರು ಅಳುವುದು ನಾಟಕವಾಗುತ್ತದೆ ಎಂದು ತಲೆ ತಗ್ಗಿಸಿ ತಿಂದೆ. ಸಮಾಧಾನದ ಮಾತು ಹೇಳಲು ನನಗೆ ಬರುತ್ತಿರಲಿಲ್ಲ, ಅದಕ್ಕೇ ಅಡಗಿದೆ ಅಂದೆ.

"ಸಮಾಧಾನ ಯಾರಿಗೆ ಬೇಕಿತ್ತು ಮಾರಾಯ್ತಿ? ಅಕ್ಟೋಬರ್ ಪರೀಕ್ಷೆಗೆ ಕಟ್ಟುತ್ತೇನೆ, ಲೆಕ್ಕ ಹೇಳಿಕೊಡ್ತೀಯಾ ಅಂತ ಕೇಳಲಿಕ್ಕೆ ಬಂದದ್ದು."

ಅಷ್ಟು ವರ್ಷ ಅವಳ ಅಳುವ ಮುಖವನ್ನು ಕಲ್ಪಿಸಿಕೊಂಡು ಮರುಗಿದ್ದೆ. ಅವಳು ಅತ್ತಿರಲೇ ಇಲ್ಲ.

ಅವಳು ಎದ್ದು ಐಸ್ ಹಾಕಿದ ಡಬ್ಬಿಯೊಂದಕ್ಕೆ ಬಂಗುಡೆ ಮೀನು ತುಂಬಿಸಿದಳು. ತಿಂಗಳಿಗೊಂದು ಭಾನುವಾರ ಕಾರ್ಕಳಕ್ಕೆ, ಪ್ರಮೀಳಳ ಮನೆಗೆ ಹೋಗುವುದುಂಟು, ಇವತ್ತೂ ಹೊರಟಿದ್ದೇನೆ, ನೀನೂ ಬಾ ಎಂದಳು. ಪ್ರಮೀಳ ಎಂದರೆ ಅಜೆಕಾರಿನಿಂದ ಮೊದಲ ಬಸ್ಸಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ನಾವಿಬ್ಬರೂ ಅವಳೊಡನೆ ಮಾತಾಡಿದ್ದೇ ಕಡಿಮೆ.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಬೆಳ್ಮಣ್ ದಾರಿಯಲ್ಲಿ ಹೊರಟೆವು. ಡಬ್ಬಿ ಅವಳ ಕಾಲ ಬಳಿ. ಕಿಟಕಿಯಿಂದ ಬಿಸಿಗಾಳಿ, ಕೊಯ್ಲು ಮುಗಿದ ಗದ್ದೆಗಳು. ಬೆಳ್ಮಣ್ ದಾಟುವಾಗ ಸುಜಾತ ಉಳಿದದ್ದನ್ನು ಹೇಳಿದಳು. ಪ್ರಮೀಳ ಪಿಯುಸಿಗೆ ಕಾರ್ಕಳದಲ್ಲೇ ಸೇರಿದ್ದಳಂತೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ, ಲೆಕ್ಕ ಹೇಳಿಕೊಡಲಾ ಎಂದು ತಾನಾಗಿ ಕೇಳಿದಳಂತೆ. ದಿನಾ ಕಾಲೇಜು ಬಿಟ್ಟ ಮೇಲೆ ಸುಜಾತಳ ಮಾವನ ಮನೆಯ ಜಗಲಿಯಲ್ಲಿ ಒಂದು ಗಂಟೆ ಲೆಕ್ಕ ಹೇಳಿಕೊಟ್ಟು, ಕತ್ತಲಾಗುವ ಮೊದಲು ಅಜೆಕಾರಿನ ಬಸ್ಸಿಗೆ ಓಡುತ್ತಿದ್ದಳಂತೆ. ಸುಜಾತ ಪಾಸಾದಳು. ನನಗೆ ಈ ಸಂಗತಿ ಇವತ್ತಿನವರೆಗೆ ಗೊತ್ತಿರಲಿಲ್ಲ. ನನ್ನ ನೆನಪಿನಲ್ಲಿ ಅವಳು ಫೇಲಾದವಳಾಗಿಯೇ ಉಳಿದಿದ್ದಳು.

ಕಾರ್ಕಳದಲ್ಲಿ ಇಳಿದಾಗ ಒಂದು ಗಂಟೆ. ನಮ್ಮ ಬಾಡಿಗೆ ಮನೆ ಇದ್ದ ಓಣಿಯ ಮೂಲಕವೇ ನಡೆಸಿದಳು. ಮನೆ ಇದ್ದಲ್ಲಿ ಈಗ ಎರಡು ಮಾಳಿಗೆಯ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ಅವಳು ಡಬ್ಬಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಪಾಸಾದ ದಿನ ಇಲ್ಲಿಗೆ ಓಡಿಕೊಂಡು ಬಂದೆ, ನಿನಗೆ ಹೇಳಲಿಕ್ಕೆ. ಬೀಗ ಹಾಕಿತ್ತು. ನೀವು ಹೋಗಿ ಐದು ತಿಂಗಳಾಯಿತು ಅಂತ ಪಕ್ಕದ ಮನೆಯವರು ಹೇಳಿದರು." ಡಬ್ಬಿಯ ಮುಚ್ಚಳ ಒತ್ತಿ ಸೇರಿಸಿದಳು, "ಅಡಗಿದ್ದಕ್ಕೆ ನನಗೆ ಬೇಜಾರಿಲ್ಲ. ಹೋಗುವಾಗ ಹೇಳಲಿಲ್ಲ, ಅದಕ್ಕೆ ಉಂಟು. ಈಗಲೂ ಉಂಟು."

"ತಪ್ಪಾಯಿತು," ಅಂದೆ. ಅವಳು ಹೂಂ ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಡಬ್ಬಿಯ ಒಂದು ಕಿವಿ ನಾನು ಹಿಡಿದೆ, ಇನ್ನೊಂದು ಅವಳು.

ಪ್ರಮೀಳ ಹೊಲಿಗೆ ಅಂಗಡಿ ಇಟ್ಟಿದ್ದಾಳೆ, ಹಿಂದೆಯೇ ಮನೆ. ನನ್ನನ್ನು ಕಂಡು ಕನ್ನಡಕ ಮೇಲೇರಿಸಿ, ಶೈಲಾ ಅಲ್ವಾ ಎಂದು ನಕ್ಕಳು. ನನಗೆ ಅನ್ನ, ಸಾರು, ಬಸಳೆ ಹುಳಿ ಬಡಿಸಿದಳು. ಅವರಿಬ್ಬರೂ ಕನ್ನಡದಲ್ಲಿ ಶುರುಮಾಡಿದ ಮಾತು ಸ್ವಲ್ಪದರಲ್ಲೇ ತುಳುವಿಗೆ ಜಾರುತ್ತಿತ್ತು. ಒಬ್ಬಳು ಅರ್ಧಕ್ಕೆ ನಿಲ್ಲಿಸಿದ್ದನ್ನು ಇನ್ನೊಬ್ಬಳು ಮುಗಿಸುತ್ತಿದ್ದಳು. ಯಾರದೋ ಮಂಡಿನೋವು, ಯಾರದೋ ಸೊಸೆ. ನನಗೆ ನಾಲ್ಕರಲ್ಲಿ ಒಂದು ಪದ ತಿಳಿಯಿತು. ನನ್ನ ನೆನಪಾದಾಗ ಕನ್ನಡಕ್ಕೆ ಮರಳುತ್ತಿದ್ದರು.

ಶಾಲೆಯ ಗೆಳೆತನಗಳು ತಾವಾಗಿಯೇ ಮಾಸುತ್ತವೆ ಎಂದು ನಾನು ಇಷ್ಟು ದಿನ ಹೇಳಿಕೊಂಡು ಬಂದಿದ್ದೆ. ಅಲ್ಲಿ ಕೂತಾಗ ಅದು ಪೂರ್ತಿ ನಿಜವಲ್ಲ ಎಂದು ತಿಳಿಯಿತು. ಈ ಇಬ್ಬರದು ಮಾಸಿರಲಿಲ್ಲ. ತಿಂಗಳಿಗೊಮ್ಮೆ ಯಾರಾದರೊಬ್ಬರು ಬಸ್ಸು ಹತ್ತಿದ್ದರು, ಅಷ್ಟೆ.

ನಾಲ್ಕು ಗಂಟೆಗೆ ಇಬ್ಬರೂ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಬೈಲೂರು, ಹಿರಿಯಡಕದ ಮೇಲೆ ಮಣಿಪಾಲಕ್ಕೆ ಒಂದು ಗಂಟೆಯ ಹಾದಿ. ಊರಿಗೆ ತಲುಪಿ ಫೋನ್ ಮಾಡುತ್ತೇನೆ ಅಂದೆ. "ಮಾಡು," ಎಂದಳು ಸುಜಾತ. "ಮಾಡದಿದ್ದರೆ ನಾನು ಮಾಡುತ್ತೇನೆ. ಈಗ ನಂಬರ್ ಉಂಟಲ್ಲ."

ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದೆ. ಕೈ ಬೀಸಬೇಕೆಂದು ಎತ್ತಿದ್ದೆ. ಅವರಿಬ್ಬರೂ ಆಗಲೇ ತಿರುಗಿ, ಏನೋ ಮಾತಾಡುತ್ತ, ಬಿಸಿಲಿಗೆ ಒಂದೇ ಕೊಡೆ ಹಿಡಿದು ಅಂಗಡಿಯ ಕಡೆ ನಡೆಯುತ್ತಿದ್ದರು.