ನೆಗ್ಗಿದ ಡಬ್ಬಿ

ನಮ್ಮ ಮನೆಯವರು ಖಾನಾಪುರದಿಂದ ಬೆಳಗಾವಿಯ ಉದ್ಯಮಬಾಗಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಫೌಂಡ್ರಿ ಕೆಲಸ. ಹೋದ ವರ್ಷ ಬಂದ್ ಇದ್ದ ದಿನವೂ ಗೆಳೆಯನ ಬೈಕ್ ಹತ್ತಿ ಹೋದರು. ಕರಗಿದ ಕಬ್ಬಿಣಕ್ಕೆ ಬಂದ್ ತಿಳಿಯುವುದಿಲ್ಲ ಎಂಬುದು ಅವರ ಮಾತು. ಸಂಜೆ ಹೊರಬಿದ್ದಾಗ, ಕಲ್ಲು ತೂರಿದವರನ್ನು ಪೊಲೀಸರು ಅಟ್ಟಿಸಿಕೊಂಡು ಬಂದರು. ಎಲ್ಲರೂ ಓಡಿದರು. ತಪ್ಪು ಮಾಡದವನು ಯಾಕೆ ಓಡಬೇಕು ಎಂದು ಇವರು ನಿಂತರು. ಒಬ್ಬ ಪೇದೆಯ ಲಾಠಿ ಮೊದಲು ಭುಜಕ್ಕೆ, ಆಮೇಲೆ ಕೈಯಲ್ಲಿದ್ದ ಊಟದ ಡಬ್ಬಿಗೆ ಬಿತ್ತು. ಭುಜ ಹದಿನೈದು ದಿನದಲ್ಲಿ ನೆಟ್ಟಗಾಯಿತು. ಡಬ್ಬಿ ಆಗಲಿಲ್ಲ.

ದೂರಿನ ಅರ್ಜಿ ನಾನೇ ಬರೆದೆ, ಏಳನೆಯ ತರಗತಿ ಕಲಿತವಳ ದುಂಡನೆಯ ಅಕ್ಷರದಲ್ಲಿ. ಠಾಣೆಯವರು ತೆಗೆದುಕೊಳ್ಳಲಿಲ್ಲ. ಇವರು ಜಗಳ ಮಾಡಲಿಲ್ಲ. ದಿನಾ ಕೆಲಸ ಮುಗಿಸಿ, ಠಾಣೆಯ ಬೆಂಚಿನ ಮೇಲೆ ಕೂತು, ಅದೇ ಡಬ್ಬಿಯಿಂದ ಉಳಿದ ರೊಟ್ಟಿ ತಿನ್ನುತ್ತಿದ್ದರು. ಮುಚ್ಚಳವನ್ನು ಒಂದು ಬದಿ ಒತ್ತಿ ತಿರುವಿದರೆ ಮಾತ್ರ ತೆರೆಯುತ್ತಿತ್ತು. ಪೇದೆಗಳಿಗೂ ಶೇಂಗಾ ಚಟ್ನಿ ಕೊಡುತ್ತಿದ್ದರು, ಹೊಡೆದವನಿಗೂ. ಚಟ್ನಿ ಜಾಸ್ತಿ ಹಾಕು ಎಂದು ಇವರು ಹೇಳಿದಾಗ, ನಿಮಗೆ ಹೊಡೆದವರಿಗೆ ನಾನು ಶೇಂಗಾ ಹುರಿಯಬೇಕೇನು ಎಂದು ಕಾಡಿಸಿದ್ದೆ. ನಕ್ಕರು. ಹತ್ತನೆಯ ದಿನ ಅರ್ಜಿಗೆ ಮುದ್ರೆ ಬಿತ್ತು. ಹಿಂದೆ ತೆಗೆದುಕೊಳ್ಳಿ ಎಂದು ಯಾರೋ ಹೇಳಿದ್ದಕ್ಕೆ, "ಹೊಡದ ಹುಡುಗನ ಮ್ಯಾಲ ನನಗ ಸಿಟ್ಟಿಲ್ಲರಿ. ಅರ್ಜಿ ಮಾತ್ರ ಇರ್ಲಿ" ಅಂದರಂತೆ.

ಈ ವರ್ಷ ಅವರು ಹೃದಯಾಘಾತದಿಂದ ಹೋದರು. ಮೂರು ತಿಂಗಳ ಮೇಲೆ ಠಾಣೆಯಿಂದ ವಿಚಾರಣೆಯ ಪತ್ರ ಬಂತು. ಡಬ್ಬಿ ಹಿಡಿದುಕೊಂಡು ನಾನೇ ಹೋದೆ. ದೂರು ಕೊಟ್ಟವರೇ ಇಲ್ಲದ ಮೇಲೆ ಮುಗಿಸಿಬಿಡೋಣ ಎಂದರು ವಿಚಾರಣೆಗೆ ಬಂದಿದ್ದ ಸಾಹೇಬರು.

"ಅವರಿಲ್ಲರಿ. ಅರ್ಜಿ ಐತಲ್ರಿ," ಅಂದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

ಇದು ಎಲ್ಲೋ ಬಿದ್ದು ನೆಗ್ಗಿರಬಹುದು ಎನ್ನುತ್ತ ಸಾಹೇಬರು ಮುಚ್ಚಳ ತೆಗೆಯಲು ನೋಡಿದರು. ಬರಲಿಲ್ಲ. ಉಗುರು ಹಾಕಿದರು, ಮೇಜಿಗೆ ಕುಟ್ಟಿದರು. ಅಲ್ಲೇ ನಿಂತಿದ್ದ ಒಬ್ಬ ಪೇದೆ ತಡೆಯಲಾರದೆ ಮುಂದೆ ಬಂದು, ಒಂದು ಬದಿ ಒತ್ತಿ ತಿರುವಿದ. ತೆರೆಯಿತು. ಒಳಗಿದ್ದದ್ದು ನನ್ನ ಬುತ್ತಿ.

ನಿನಗೆ ಹೇಗೆ ಗೊತ್ತು ಎಂದು ಸಾಹೇಬರು ಕೇಳಿದರು.

"ಕಾಕಾ ದಿನಾ ಇದರಾಗಿಂದ ಚಟ್ನಿ ಕೊಡತಿದ್ರರಿ." ಮುಚ್ಚಳವನ್ನು ಮೇಜಿನ ಮೇಲಿಟ್ಟ. "ಹೊಡದಾಂವ ನಾನ ರೀ. ಅವರೇನೂ ಮಾಡಿರಲಿಲ್ಲ."

ಸಾಹೇಬರು ಬರೆದುಕೊಂಡರು. ಓದಿ ಹೇಳಿರಿ ಎಂದೆ, ಓದಿದರು. ಅವನು ಸಹಿ ಮಾಡಿದ, ಕೆಳಗೆ ನಾನೂ ಮಾಡಿದೆ.

ಹೊರಗಿನ ಬೆಂಚಿನ ಮೇಲೆ ಕೂತು ಊಟ ಮಾಡಿದೆ. ಚಟ್ನಿಗೆ ಉಪ್ಪು ಹೆಚ್ಚಾಗಿತ್ತು. ಇವರಿದ್ದಿದ್ದರೆ ಅದನ್ನು ಹೇಳುತ್ತಿರಲಿಲ್ಲ, ಎರಡು ಲೋಟ ನೀರು ಕುಡಿಯುತ್ತಿದ್ದರು.